ತೂತಿಲ್ಲದ ಗುಂಡಿ

ಅಪ್ಪಾ,

ಇವತ್ತು ಮಧ್ಯಾಹ್ನ ಪಕ್ಕದ ಬೀದಿಯ ಮೇಷ್ಟ್ರು ಅಂಗಿ ಹಿಡಿದುಕೊಂಡು ನಮ್ಮ ಹೊಲಿಗೆ ಅಂಗಡಿಗೆ ಬಂದರು. "ಒಂದು ಬಿಳಿ ಗುಂಡಿ ಹಾಕ್ಕೊಡಮ್ಮ. ನಿಮ್ಮಪ್ಪ ಆಗಿದ್ರೆ ಕಣ್ಮುಚ್ಕೊಂಡು ಹಾಕ್ಬಿಡೋರು" ಅಂದರು. ನೀನು ಹೋದ ಮೇಲೆ ಮೊದಲ ಸಲ ನಿನ್ನ ಗುಂಡಿ ಡಬ್ಬಿಗೆ ಕೈ ಹಾಕಿದೆ. ಸಿಕ್ಕಿದ ಗುಂಡಿಗೆ ತೂತೇ ಇರಲಿಲ್ಲ. ಬೆಳಕಿಗೆ ಹಿಡಿದರೆ ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ. ಕೆದಕಿದಷ್ಟೂ ಅವೇ ಸಿಕ್ಕವು.

ದಿನಾ ಸಂಜೆ ನಾನು ಅಂಗಡಿಗೆ ಬಂದರೆ ಸಾಕು, "ನೋಡ್ಕೊಳ್ಳಿ ಇನ್‌ಸ್ಪೆಕ್ಟರಮ್ಮ, ಇವತ್ತಿಂದು ಖಾಲಿ" ಅಂತ ನೀನು ಮಾತ್ರೆ ಸ್ಟ್ರಿಪ್ ಎತ್ತಿ ತೋರಿಸುತ್ತಿದ್ದೆ. ನಾನು ನೋಡುತ್ತಿದ್ದದ್ದೂ ಸ್ಟ್ರಿಪ್ಪನ್ನೇ. "ಇದು ನುಂಗಿದ್ರೆ ಹೊಟ್ಟೆ ತೊಳಸುತ್ತೆ ಕಣೆ, ಮಷೀನ್ ಮುಂದೆ ಕೂರಕ್ಕಾಗಲ್ಲ" ಅಂತ ನೀನು ಒಮ್ಮೆ ಹೇಳಿದ್ದೆ. "ನೆಪ ಹೇಳ್ಬೇಡ" ಅಂದಿದ್ದೆ ನಾನು. ಆಮೇಲೆ ನೀನು ಆ ಮಾತೇ ಎತ್ತಲಿಲ್ಲ.

ಹೋದ ತಿಂಗಳಿಂದ ನನಗೂ ಅದೇ ಕಾಯಿಲೆ, ಅದೇ ಮಾತ್ರೆ. ಹೊಟ್ಟೆ ತೊಳಸುತ್ತೆ ಅಂದೆ. ಡಾಕ್ಟರು ತಲೆಯನ್ನೂ ಎತ್ತದೆ ಬೇರೆ ಮಾತ್ರೆ ಬರೆದುಕೊಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ ಅಪ್ಪ.

ಮೇಷ್ಟ್ರಿಗೆ ನಾಳೆ ಬನ್ನಿ ಅಂದು ಡಬ್ಬಿ ಮುಚ್ಚಿಟ್ಟೆ. ಸಂಜೆ ನನ್ನ ಮಾತ್ರೆ ನುಂಗಿ, ಸ್ಟ್ರಿಪ್ಪನ್ನು ನಿನ್ನ ಕುರ್ಚಿಯತ್ತ ಎತ್ತಿ ಹಿಡಿದೆ.