ಸರ್ವಾನುಮತದ ತೋಪು

ಮಾರ್ಚ್ 3, ಭಾನುವಾರ

ಇವತ್ತೂ ಮೀಟಿಂಗು. ಹತ್ತಕ್ಕೆ ಶುರು, ಮುಗಿದಿದ್ದು ಒಂದೂಮುಕ್ಕಾಲಿಗೆ. ಆಗಿದ್ದೇನು? ತೋಪಿನ ಗೇಟಿಗೆ ಹಾಕುವ ಬೋರ್ಡಿನಲ್ಲಿ ‘ನಮ್ಮ ತೋಪು’ ಅಂತ ಇರಬೇಕೋ, ‘ನಮ್ಮೆಲ್ಲರ ತೋಪು’ ಅಂತ ಇರಬೇಕೋ – ಅದು ತೀರ್ಮಾನವಾಯಿತು. ಅದೂ ಪೂರ್ತಿ ಅಲ್ಲ. ಬಣ್ಣದ ವಿಷಯ ಮುಂದಿನ ವಾರಕ್ಕೆ.

ನಗರಸಭೆಯವರು ನೋಟಿಸ್ ಅಂಟಿಸಿ ಹನ್ನೆರಡು ದಿನವಾಯಿತು. ಬಡಾವಣೆಯಲ್ಲಿ ಉಳಿದಿರುವ ಒಂದೇ ಒಂದು ಹಸಿರು ಜಾಗ. ಅದು ಕಾರ್ ಪಾರ್ಕಿಂಗ್ ಆಗುತ್ತದಂತೆ. ಹತ್ತೊಂಬತ್ತಕ್ಕೆ ಸ್ಥಳ ಪರಿಶೀಲನೆ, ಆಮೇಲೆ ತೀರ್ಮಾನ. ಅವರು ಬಂದು ಏನು ನೋಡುತ್ತಾರೆ ಅಂತ ಆಫೀಸಿಗೆ ಹೋಗಿ ಕೇಳಿಕೊಂಡು ಬರೋಣ ಅಂದೆ. ಮೇಷ್ಟ್ರು, “ಮೊದ್ಲು ಬೋರ್ಡ್ ಮುಗೀಲಮ್ಮ” ಅಂದರು. ಅಲ್ಲಿಗೆ ಅದು ಸತ್ತಿತು.

ಏಳು ಜನರ ಸಮಿತಿ. ರಿಟೈರ್ಡ್ ಹೆಡ್‌ಮಾಸ್ಟರ್ ಅಧ್ಯಕ್ಷರು, ನಾನು ಕಾರ್ಯದರ್ಶಿ. ಅಕ್ಷರ ದುಂಡಗಿದೆ ಅಂತಲ್ಲ, ಜೆರಾಕ್ಸ್ ಅಂಗಡಿ ನನ್ನದು ಅಂತ. ನಮ್ಮಲ್ಲಿ ವೋಟಿಲ್ಲ. ಆರು ವರ್ಷದ ಹಿಂದೆ ನೀರಿನ ಟ್ಯಾಂಕಿನ ವಿಷಯಕ್ಕೆ ಒಮ್ಮೆ ಕೈ ಎತ್ತಿಸಿದ್ದರು. ಸೋತವರ ಮನೆಯವರು ಗೆದ್ದವರ ಮನೆಯವರ ಹತ್ತಿರ ಇವತ್ತಿಗೂ ಮಾತಾಡುವುದಿಲ್ಲ. ಅಂದಿನಿಂದ ಎಲ್ಲಕ್ಕೂ ಸರ್ವಾನುಮತ. ಒಬ್ಬರು ‘ಬೇಡ’ ಅಂದರೂ ಠರಾವು ಬಿತ್ತು. ಮೇಷ್ಟ್ರು ಹಾಜರಿ ಕರೆದ ಹಾಗೆ ಒಬ್ಬೊಬ್ಬರ ಮುಖ ನೋಡಿ “ಒಪ್ಪಿಗೇನಾ?” ಅಂತ ಕೇಳುತ್ತಾರೆ. ಬರೆಯುವವಳು ನಾನಾದ್ದರಿಂದ ನನ್ನನ್ನು ಕಟ್ಟಕಡೆಗೆ. ಯಾರೂ ‘ಬೇಡ’ ಅನ್ನುವುದಿಲ್ಲ. ಮೂರು ಗಂಟೆ ಕೂತ ಮೇಲೆ ಯಾರಿಗೆ ತ್ರಾಣ ಇರುತ್ತದೆ?

ತಲೆ ಚಿಟ್ಟು ಹಿಡಿದಿದೆ.

ಮಾರ್ಚ್ 6, ಬುಧವಾರ. ಬೆಳಿಗ್ಗೆ 7.20

ಅಪ್ಪ ಇವತ್ತು ಮನೆ ಪಕ್ಕದ ತೋಪಿನಲ್ಲಿ ಕಲ್ಲುಬೆಂಚಿನವರೆಗೆ ಹೋಗಿ ಬಂದರು. ಒಬ್ಬರೇ. ನಾನು ತೋಪಿನ ಗೇಟಿನಲ್ಲಿ ನಿಂತು ಮೊಬೈಲ್ ನೋಡುವವಳ ಹಾಗೆ ನಟಿಸುತ್ತಿದ್ದೆ.

ಸ್ಟ್ರೋಕ್ ಆಗಿ ಹದಿನಾಲ್ಕು ತಿಂಗಳು. ವಾಕರ್ ತಂದುಕೊಟ್ಟರೆ ಅದರ ಮೇಲೆ ಟವೆಲ್ ಒಣಗಿಸುತ್ತಾರೆ. ಕೋಲು ಹಿಡಿಯಿರಿ ಅಂದರೆ ಮುಖ ಆ ಕಡೆ. ನನ್ನ ಕೈ ಹಿಡಿಯಿರಿ ಅಂದರಂತೂ ಮುಗಿಯಿತು, ಎರಡು ದಿನ ಮಾತಿಲ್ಲ. ಆದರೆ ಮರ ಹಿಡಿಯುತ್ತಾರೆ. ಗೇಟಿನಿಂದ ಬೆಂಚಿಗೆ ಹನ್ನೆರಡು ಮರ, ದೊಡ್ಡವು ನಾಲ್ಕು, ಮಿಕ್ಕವು ನನ್ನ ತೋಳಿನಷ್ಟು ದಪ್ಪದವು. ಒಂದನ್ನು ಬಿಟ್ಟು ಎರಡು ಹೆಜ್ಜೆ, ಮೂರು ಹೆಜ್ಜೆ – ಇನ್ನೊಂದು ಸಿಗುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಹಿಡಿ’. ಜನವರಿಯಲ್ಲಿ ನಾಲ್ಕು ಹಿಡಿ. ಹೋದ ತಿಂಗಳು ಒಂಬತ್ತು. ಇವತ್ತು ಹನ್ನೆರಡೂ.

“ಪುಟ್ಟೀ, ಪೂರ್ತಿ” ಅಂದರು. ಬಾಯಿ ಇನ್ನೂ ಒಂದು ಕಡೆಗೆ ಎಳೆಯುತ್ತದೆ, ಆದರೂ ನಕ್ಕರು. ನನಗೆ ನಲವತ್ತೊಂಬತ್ತು. ಪುಟ್ಟಿಯಂತೆ.

ಅಂಗಡಿಗೆ ಬರುವಾಗ ದಾರಿಯಲ್ಲಿ ಕಣ್ಣು ಒರೆಸಿಕೊಂಡೆ. ಅದಕ್ಕೇ ಈ ಸಮಿತಿ, ಈ ಹಾಳು ಮೀಟಿಂಗು ಎಲ್ಲ ಸಹಿಸಿಕೊಳ್ಳುತ್ತಿದ್ದೇನೆ. ಆ ಹನ್ನೆರಡು ಮರ ಹೋದರೆ ಅಪ್ಪ ಮತ್ತೆ ಮಂಚ ಸೇರುತ್ತಾರೆ.

ಮಾರ್ಚ್ 10, ಭಾನುವಾರ

ಬೋರ್ಡಿನ ಬಣ್ಣ: ಹಸಿರು. ಒಂದು ಗಂಟೆ ಹತ್ತು ನಿಮಿಷದ ಚರ್ಚೆ. ತೋಪಿನ ಬೋರ್ಡು ಹಸಿರಲ್ಲದೆ ಇನ್ನೇನು ನೇರಳೆ ಇರುತ್ತದೆಯೇ?

ಆಮೇಲೆ ಮೆಡಿಕಲ್ ಶಾಪಿನವನು ಶುರು ಮಾಡಿದ. “ಆಫೀಸರ್ ಬರೋ ಹೊತ್ತಿಗೆ ಜಾಗ ಚೊಕ್ಕವಾಗಿರ್ಬೇಕು ಸರ್. ಈಗ ನೋಡಿ, ಪೊದೆ, ಮುಳ್ಳು, ಅಡ್ಡಾದಿಡ್ಡಿ ಗಿಡ. ಇವ್ರಿಗೆ ಇದನ್ನ ನೋಡ್ಕೊಳ್ಳೋಕೆ ಬರಲ್ಲ ಅಂತಾರೆ.”

ಟೈಲರ್ ಅಕ್ಕ, “ಹೌದು ಸರ್. ಸಣ್ಣಪುಟ್ಟದ್ದು ತೆಗೆಸಿಬಿಟ್ರೆ ದೊಡ್ಡ ಮರ ಎದ್ದು ಕಾಣ್ತವೆ” ಅಂದಳು. ಅವಳಿಗೆ ಎಲ್ಲ ಬಟ್ಟೆಯೇ. ಹೆಚ್ಚಿಗೆ ಇದ್ದಿದ್ದನ್ನು ಕತ್ತರಿಸಿದರೆ ಫಿಟಿಂಗ್ ಬರುತ್ತದೆ.

ಸಣ್ಣದು ಅಂದರೆ ಎಷ್ಟು ಸಣ್ಣ – ಕೇಳಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು, ಈಗ ಹೊಳೆದಿದ್ದಲ್ಲ. ಆದರೆ ಒಂದೂವರೆ ಆಗಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು. ಅಂಗಡಿ ಮುಂದೆ ಹಾಲ್ ಟಿಕೆಟ್ ಹಿಡಿದುಕೊಂಡು ನಾಲ್ಕು ಜನ ನಿಂತಿದ್ದಾರೆ ಅಂತ ಫೋನ್ ಮೇಲೆ ಫೋನ್. ಕೇಳಿದರೆ ಅದಕ್ಕೊಂದು ಗಂಟೆ. ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳಿಕೊಂಡು ನನ್ನ ಹತ್ತಿರ ಬಂದರು.

“ಒಪ್ಪಿಗೇನಾ?”

“ಹ್ಞೂಂ, ಆಗ್ಲಿ ಸರ್.”

‘ಅನವಶ್ಯಕ ಗಿಡಗಂಟಿಗಳನ್ನು ತೆಗೆಸಿ ತೋಪನ್ನು ಚೊಕ್ಕಗೊಳಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.’ ‘ಅನವಶ್ಯಕ’ ನಾನೇ ಸೇರಿಸಿದ್ದು. ಓದಲು ಚೆನ್ನಾಗಿರುತ್ತದೆ ಅಂತ.

ಮಾರ್ಚ್ 16, ಶನಿವಾರ. ಸಂಜೆ

ಬೆಳಿಗ್ಗೆಯಿಂದ ಮಷೀನ್ ಸದ್ದು ಅಂಗಡಿಗೂ ಕೇಳುತ್ತಿತ್ತು. ಹುಲ್ಲು ಕತ್ತರಿಸುತ್ತಿದ್ದಾರೆ ಅಂದುಕೊಂಡೆ. ತಲೆ ಎತ್ತಲು ಪುರಸೊತ್ತಿರಲಿಲ್ಲ, ಅಷ್ಟು ಕ್ಯೂ.

ಐದಕ್ಕೆ ಮೇಷ್ಟ್ರೇ ಬಂದರು. “ಬಾರಮ್ಮ, ಒಂದ್ಸಲ ನೋಡ್ಬಾ. ಕನ್ನಡಿ ಆಗಿದೆ, ಕನ್ನಡಿ.”

ಹೋದೆ. ಆ ತುದಿಯ ಕಾಂಪೌಂಡ್ ಗೋಡೆ ಈ ತುದಿಗೆ ಕಾಣುತ್ತಿತ್ತು. ಕಲ್ಲುಬೆಂಚು ಬಟಾಬಯಲಿನಲ್ಲಿ ಕೂತಿತ್ತು. ದೊಡ್ಡ ಮರಗಳಿಗೆ ಸುಣ್ಣ ಬೇರೆ ಬಳಿದಿದ್ದಾರೆ, ಸೊಂಟದವರೆಗೆ. ಮಷೀನಿನವನು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಸಣ್ಣದೆಲ್ಲ ಅಂದರೆ ಯಾವುದು ಅಂತ ಅವನು ಕೇಳಿದನಂತೆ, ಪಾಪ. ಮೆಡಿಕಲ್‌ನವನು ತನ್ನ ತೋಳು ತೋರಿಸಿ, “ಇದಕ್ಕಿಂತ ಸಣ್ಣ ಇರೋದೆಲ್ಲ” ಅಂದನಂತೆ. ಅವನ ತೋಳೋ – ನನ್ನ ತೊಡೆಯಷ್ಟಿದೆ.

ಮೂವತ್ತೊಂದು ಬುಡ. ನಾನೇ ಎಣಿಸಿದೆ. ಅದರಲ್ಲಿ ಗೇಟಿಗೂ ಬೆಂಚಿಗೂ ನಡುವೆ ಎಂಟು.

“ಹೇಗಿದೆ?” ಅಂದರು ಮೇಷ್ಟ್ರು. ಕೈಯಿಂದ ಬಾಯಿ ಮುಚ್ಚಿಕೊಂಡೆ. ಖುಷಿಯಿಂದ ಅಂದುಕೊಂಡರು.

ಮಾರ್ಚ್ 17, ಭಾನುವಾರ

ಅಪ್ಪ ಗೇಟಿನ ಹತ್ತಿರದ ಮೊದಲ ಮರ ಹಿಡಿದು ನಿಂತರು. ಕೈಗೆ ಸುಣ್ಣ ಮೆತ್ತಿತು. ಎಡಗೈ ಮುಂದೆ ಚಾಚಿದರು, ಅದರಷ್ಟಕ್ಕೆ ಅದು ಚಾಚಿತು, ಅಭ್ಯಾಸ. ಏನೂ ಸಿಗಲಿಲ್ಲ. ಬುಡ ಮೊಣಕಾಲಿನ ಕೆಳಗೆ ಇದೆ, ಹಿಡಿಯುವುದು ಹೇಗೆ?

ಕೈ ಹಿಂದಕ್ಕೆ ತೆಗೆದುಕೊಂಡು ತಿರುಗಿದರು. “ಮುಂದಿಂದು ದೂರ ಆಯ್ತು” ಅಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಯಾರು ಕಡಿಸಿದ್ದು ಅಂತಲೂ ಕೇಳಲಿಲ್ಲ. ನಗರಸಭೆಯವರು ಅಂದುಕೊಂಡಿರಬೇಕು. ನಾನೂ ಬಾಯಿ ಬಿಡಲಿಲ್ಲ. ಹೇಡಿ.

ಮಾರ್ಚ್ 19, ಮಂಗಳವಾರ

ಪರಿಶೀಲನೆ ಆಯಿತು. ಸಣ್ಣ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಟೇಪು, ಕಂಕುಳಲ್ಲಿ ಫೈಲು. ಮೇಷ್ಟ್ರು ಸ್ವಾಗತ ಭಾಷಣ ಬರೆದುಕೊಂಡು ಬಂದಿದ್ದರು. ಅವಳು ಎರಡನೇ ವಾಕ್ಯಕ್ಕೇ “ಥ್ಯಾಂಕ್ಸ್ ಸರ್” ಅಂದು ಒಳಗೆ ಹೋದಳು. ಹಾಗೆ ಒಬ್ಬರು ಮೊದಲೇ ಅಂದಿದ್ದರೆ ನಮ್ಮ ಸಮಿತಿ ಉದ್ಧಾರವಾಗುತ್ತಿತ್ತು.

“ಇಲ್ಲಿ ಇರೋದು ಒಂಬತ್ತೇ ಮರ. ಇಷ್ಟು ಜಾಗಕ್ಕೆ ಮೂವತ್ತಾದ್ರೂ ಇದ್ರೆ ನಾವು ಮುಟ್ಟೋ ಹಾಗಿಲ್ಲ” ಅಂದಳು. ಬರೆಯುತ್ತಿದ್ದುದು ನನಗೆ ಕಾಣುತ್ತಿತ್ತು: ಹೆಚ್ಚಿನ ಭಾಗ ಖಾಲಿ ಜಾಗ.

ಒಂಬತ್ತು ಮತ್ತು ಮೂವತ್ತೊಂದು ನಲವತ್ತು. ನಲವತ್ತಿತ್ತು ನಮ್ಮ ಹತ್ತಿರ. ಉಳಿಸಿಕೊಳ್ಳುತ್ತೇವೆ ಅಂತ ಹೊರಟು ನಾವೇ ಮಷೀನ್ ಕರೆಸಿ ಕಡಿಸಿದೆವು. ಯಾರಿಗಾದರೂ ಹೇಳಿದರೆ ನಗುತ್ತಾರೆ.

ಆಮೇಲೆ ಅವಳ ಕಾಲಿಗೆ ಬುಡ ತಗುಲಿತು. ಬಗ್ಗಿ ನೋಡಿದಳು. “ಹಸೀದಾಗಿದೆ. ಯಾರು ಕಡಿದ್ರು ಇದನ್ನ?”

ನಾವು ಏಳೂ ಜನ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ಕೊನೆಗೆ ಮೆಡಿಕಲ್‌ನವನು, “ಯಾರೋ ಗೊತ್ತಿಲ್ಲ ಮೇಡಂ. ಬಂದು ಕಡ್ಕೊಂಡು ಹೋಗಿದಾರೆ” ಅಂದ. ಮೇಷ್ಟ್ರು ತಲೆ ಆಡಿಸಿದರು. ಟೈಲರ್ ಅಕ್ಕ ಆಡಿಸಿದಳು. ಇಷ್ಟು ಬೇಗ ಸರ್ವಾನುಮತ ಆಗಿದ್ದನ್ನು ಆರು ವರ್ಷದಲ್ಲಿ ನೋಡಿರಲಿಲ್ಲ.

ಅವಳು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು. “ಬುಡ ಮುಟ್ಬೇಡಿ. ಚಿಗುರೋ ಬುಡ ಇದ್ರೆ ಅದನ್ನೂ ಮರ ಅಂತಾನೇ ತಗೋತೀವಿ. ಆದ್ರೆ ಎಲ್ಲೆಲ್ಲಿ ಏನೇನಿತ್ತು, ಯಾರು ಕಡಿದ್ರು, ಶುಕ್ರವಾರದೊಳಗೆ ಬರೆದು ಕೊಡಿ. ಮೀಟಿಂಗ್ ಪುಸ್ತಕದ ಕಾಪೀನೂ ಬೇಕು. ಬರ್ದಿದ್ದು ಸುಳ್ಳು ಅಂತಾದ್ರೆ ನಾನೇನೂ ಮಾಡೋಕಾಗಲ್ಲ.”

ಮೀಟಿಂಗ್ ಪುಸ್ತಕ. ಹತ್ತನೇ ತಾರೀಕಿನ ಪುಟ. ನನ್ನ ದುಂಡಗಿನ ಅಕ್ಷರ.

ಮಾರ್ಚ್ 21, ಗುರುವಾರ. ಮಧ್ಯಾಹ್ನ

ತುರ್ತು ಸಭೆ. ನನ್ನ ಅಂಗಡಿಯಲ್ಲೇ, ಶಟರ್ ಅರ್ಧ ಎಳೆದುಕೊಂಡು.

ಮೆಡಿಕಲ್‌ನವನು ರೆಡಿಯಾಗಿ ಬಂದಿದ್ದ. ‘ಅಪರಿಚಿತ ವ್ಯಕ್ತಿಗಳು ಕಡಿದಿರುತ್ತಾರೆ.’ ಹತ್ತನೇ ತಾರೀಕಿನ ಪುಟ ತೆಗೆದು ಬೇರೆ ಬರೆಯಬೇಕಂತೆ. “ಪರ್ಮಿಷನ್ ಇಲ್ದೆ ಕಡಿಸಿದೀವಿ ಅಂತ ಒಪ್ಕೊಂಡ್ರೆ ಕೇಸ್ ಆಗತ್ತೆ. ಮೇಷ್ಟ್ರ ಹೆಸ್ರು ಏನಾಗ್ಬೇಕು? ನಿಮ್ದೇ ಜೆರಾಕ್ಸ್, ಯಾರಿಗೆ ಗೊತ್ತಾಗತ್ತೆ?”

ಮೇಷ್ಟ್ರು ಕೈಯನ್ನೇ ನೋಡಿಕೊಂಡು ಕೂತಿದ್ದರು. ನಲವತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಅಂತ ಬೆತ್ತ ಬೀಸಿದ ಮನುಷ್ಯ. ಆದರೂ ಕೇಳಿದರು, ಒಬ್ಬೊಬ್ಬರನ್ನೇ. ಒಪ್ಪಿಗೆ. ಒಪ್ಪಿಗೆ. ಟೈಲರ್ ಅಕ್ಕ ನೆಲ ನೋಡಿಕೊಂಡು, “ಹ್ಞೂಂ.” ಆರು ಜನ ಆಯಿತು. ನನ್ನ ಕಡೆ ತಿರುಗಿದರು.

“ಇಲ್ಲ ಸರ್.”

“ಏನಮ್ಮಾ?”

“ಒಪ್ಪಿಗೆ ಇಲ್ಲ ಸರ್. ನಾವೇ ಕಡಿಸಿದ್ದು ಅಂತ ಬರೀತೀನಿ. ಬುಡ ಇನ್ನೂ ಇದೆ, ನಿಜ ಹೇಳಿದ್ರೆ ಜಾಗ ಉಳಿಯತ್ತೆ.”

ಯಾರಿಗೂ ಮುಂದೇನು ಅಂತ ತಿಳಿಯಲಿಲ್ಲ. ‘ಇಲ್ಲ’ ಅಂದರೆ ಏನು ಮಾಡಬೇಕು ಅಂತ ನಮ್ಮ ನಿಯಮದಲ್ಲೇ ಇಲ್ಲ. ಕೊನೆಗೆ ಮೆಡಿಕಲ್‌ನವನು, “ಹಾಗಾದ್ರೆ ನಿಮ್ ಕಾಗದಕ್ಕೆ ನನ್ನ ಒಪ್ಪಿಗೆ ಇಲ್ಲ” ಅಂದ. ಸರಿ. ಅವನ ಸುಳ್ಳೂ ಹೋಗುವ ಹಾಗಿಲ್ಲ, ನನ್ನ ನಿಜವೂ ಹೋಗುವ ಹಾಗಿಲ್ಲ. ಎದ್ದು ಹೋದರು. ಶಟರ್ ಕೆಳಗೆ ಬಗ್ಗುವಾಗ ಮೇಷ್ಟ್ರ ತಲೆ ತಗುಲಿತು, ಯಾರೂ ‘ಅಯ್ಯೋ’ ಅನ್ನಲಿಲ್ಲ.

ಅದೇ ದಿನ, ಸಂಜೆ 6

ಸಮಿತಿ ಹಾಳಾಗಿ ಹೋಗಲಿ, ನನ್ನ ಹೆಸರಲ್ಲೇ ಬರೆಯುತ್ತೇನೆ ಅಂತ ಕೂತೆ. ಮೊದಲ ಸಾಲಿಗೇ ಸಿಕ್ಕಿಕೊಂಡೆ. ಎಲ್ಲೆಲ್ಲಿ ಏನೇನಿತ್ತು? ಇಷ್ಟು ವರ್ಷ ದಿನಾ ನೋಡಿದ್ದೇನೆ, ಒಂದು ಗಿಡವೂ ನೆನಪಿಗೆ ಬರುತ್ತಿಲ್ಲ.

ಅಪ್ಪನನ್ನು ಕೇಳಿದೆ.

ಕಣ್ಣು ಮುಚ್ಚಿದರು. ಬಲಗೈ ಹಾಸಿಗೆಯಿಂದ ಸ್ವಲ್ಪ ಮೇಲೆ ಎದ್ದಿತು. “ಎರಡ್ನೇದು... ನುಣುಪು. ಎಡಕ್ಕೆ ವಾಲಿತ್ತು. ಮೂರ್ನೇದು, ಒರಟು. ಇರುವೆ. ನಾಲ್ಕು, ಎರಡು ಕವಲು, ಇಲ್ಲಿ...” ಎದೆ ಮುಟ್ಟಿಕೊಂಡರು, ಅಷ್ಟು ಎತ್ತರದಲ್ಲಿ ಅಂತ. ದಾರಿಯ ಎಂಟೂ ಹೇಳಿದರು. ಆಮೇಲೆ ಸ್ಟ್ರೋಕಿಗೆ ಮುಂಚೆ ಬೆಂಚಿನ ಮೇಲೆ ಕೂತು ದಿನಾ ನೋಡುತ್ತಿದ್ದ ಇಪ್ಪತ್ತಮೂರು. ಮುಕ್ಕಾಲು ಗಂಟೆ ಹಿಡಿಯಿತು. ನಡುನಡುವೆ ಉಸಿರು ತೆಗೆದುಕೊಂಡರು. ಅವರು ಹೇಳಿದರು, ನಾನು ಬರೆದೆ. ಲೆಕ್ಕ ಹಾಕಿದರೆ ಸರಿಯಾಗಿ ಮೂವತ್ತೊಂದು.

“ಯಾರು ಕಡಿದ್ರು, ಅದನ್ನೂ ಬರಿ” ಅಂದರು.

ಪೆನ್ನು ಕೆಳಗಿಟ್ಟೆ. “ನಾವೇ ಅಪ್ಪ. ಸಮಿತಿಯವ್ರು. ಚೊಕ್ಕ ಮಾಡ್ಸೋಣ ಅಂತ. ಒಬ್ರು ಬೇಡ ಅಂದಿದ್ರೂ ಆಗ್ತಿರ್ಲಿಲ್ಲ.”

“ನೀನು?”

“ಆಗ್ಲಿ ಅಂದೆ.”

“ಎಷ್ಟ್ನೇಯವ್ಳು?”

“ಏಳ್ನೇಯವ್ಳು. ಕೊನೇಗೆ ನನ್ನೇ ಕೇಳಿದ್ದು. ಹಸಿವಾಗಿತ್ತು ಅಪ್ಪ.”

ಗೋಡೆ ಕಡೆ ತಿರುಗಿ ಮಲಗಿದರು. ನಾನು ಅತ್ತೆ. ಅತ್ತಿದ್ದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಕಾಗದ ಮುಗಿಸಿದೆ.

ಮಾರ್ಚ್ 22, ಶುಕ್ರವಾರ

ಕೊಟ್ಟು ಬಂದೆ. ಹತ್ತನೇ ತಾರೀಕಿನ ಪುಟದ ಕಾಪಿ ಜೊತೆಗೇ. ಆಫೀಸರ್ ಎರಡು ಸಲ ಓದಿದಳು. “ಇರುವೆ ಇತ್ತು ಅಂತಾನೂ ಬರ್ದಿದೀರಲ್ಲ” ಅಂದಳು. ಬುಡಗಳ ಜೊತೆ ತಾಳೆ ನೋಡುತ್ತಾಳಂತೆ. ಸಮಿತಿಗೆ ದಂಡ ಅಂತೂ ಗ್ಯಾರಂಟಿ. ಜಾಗ ಉಳಿಯುತ್ತದೆಯೇ ಅಂದರೆ, “ಮಳೆಗಾಲ ಮುಗೀಲಿ, ಎಷ್ಟು ಚಿಗುರತ್ತೋ ನೋಡೋಣ. ಅಲ್ಲೀವರೆಗೂ ಯಾರೂ ಮುಟ್ಟಲ್ಲ” ಅಂದಳು. ಸದ್ಯಕ್ಕೆ ಇಷ್ಟೇ.

ಮೆಡಿಕಲ್‌ನವನು ನನ್ನ ಅಂಗಡಿ ಮುಂದೆ ಹಾಯುವಾಗ ಆಕಾಶ ನೋಡುತ್ತಾನೆ. ಇನ್ನೊಂದು ಆರು ವರ್ಷಕ್ಕೆ ಇದು ಸಾಕು.

ಅಪ್ಪ ಇವತ್ತೂ ಮಾತಾಡಲಿಲ್ಲ.

ಮಾರ್ಚ್ 23, ಶನಿವಾರ. ಬೆಳಿಗ್ಗೆ 6.35

ಎದ್ದು ನೋಡಿದರೆ ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಾರೆ.

“ಎಷ್ಟು ಜನ ಒಪ್ಪಿದ್ದು ಅಂದೆ?”

“ಏಳು.”

“ಏಳೂ ಜನ ಬಂದು ನಿಲ್ಲಿ. ಮರ ಇದ್ದ ಕಡೆ. ಹೆಗಲು ಕೊಟ್ರೆ ಸಾಕು, ಕೈ ಬೇಡ.”

ತಮಾಷೆ ಅಂದುಕೊಂಡೆ. ಮುಖದಲ್ಲಿ ನಗು ಇರಲಿಲ್ಲ.

“ಅಪ್ಪ, ಎಂಟು ಬೇಕಲ್ಲ.”

“ಮಷೀನಿನವನನ್ನೂ ಕರಿ. ನೀನು ಎರಡ್ನೇದು.”

ಮೇಷ್ಟ್ರಿಗೆ ಫೋನ್ ಮಾಡಿದೆ. ಕಾಗದ ಕೊಟ್ಟಿದ್ದಕ್ಕೆ ಸಿಟ್ಟಿರಬಹುದು ಅಂತ ಹೆದರಿಕೊಂಡೇ ಹೇಳಿದೆ. “ನಾನು ಎಷ್ಟ್ನೇದಮ್ಮಾ?” ಅಂದರು. ಇರುವೆ ಇದ್ದಿದ್ದು ಸರ್, ಅಂದೆ. “ಬರ್ತೀನಿ” ಅಂದರು. ಟೈಲರ್ ಅಕ್ಕ ಫೋನ್ ಎತ್ತುತ್ತಿಲ್ಲ. ಮೆಡಿಕಲ್‌ನವನಿಗೆ ಯಾವ ಬಾಯಲ್ಲಿ ಹೇಳುವುದೋ... ಅವನು ಬರದಿದ್ದರೆ ಐದನೇ ಜಾಗ ಖಾಲಿ, ಅಲ್ಲಿ ಆರು ಹೆಜ್ಜೆ –

ಅಪ್ಪ ತೋಪಿನ ಗೇಟು ತೆಗೆದ ಸದ್ದು. ಯಾರೂ ಇನ್ನೂ ಬಂದಿಲ್ಲ, ಮೊದಲ ಮರ ಬಿಟ್ಟರೆ ಎರಡನೆಯದು ನಾನು, ನಾನು ಇಲ್ಲಿ ಕೂತು ಬರೀತಾ