ನಾಟಕದಲ್ಲಿ ಇಲ್ಲದ ಮಾತು

ಕಾಗವಾಡ
ಫೆಬ್ರುವರಿ ೧೮, ೨೦೨೫

ನೆರೆದ ಮಹಾಜನರೇ, ತಾಯಂದಿರೇ, ಹಿಂದೆ ನಿಂತು ಶೇಂಗಾ ತಿನ್ನುತ್ತಿರುವವರೇ! ಓದುವವಳು ನೀನೊಬ್ಬಳೇ ಎಂದು ಗೊತ್ತು ಸಪನಾ, ಆದರೆ ಇಂಥ ಸುದ್ದಿಯನ್ನು ಮೆಲ್ಲಗೆ ಹೇಳಲು ನಿಮ್ಮಪ್ಪನಿಗೆ ಬರುವುದಿಲ್ಲ. ಪ್ರೀತಿಯ ಮಗಳೇ, ಆರಾಮಿದ್ದೀಯಾ? ಅಳಿಯಂದಿರ ಕೆಮ್ಮು ಇಳಿಯಿತೇ? ಇಲ್ಲಿ ದ್ರಾಕ್ಷಿ ಕೊಯ್ಲು ಜೋರಾಗಿದೆ, ನಾನು ಗಟ್ಟಿಮುಟ್ಟಾಗಿದ್ದೇನೆ.

ಲಕ್ವಾ ಹೊಡೆದು ನಿಮ್ಮವ್ವನ ಮಾತು ನಿಂತಿತಲ್ಲ, ಆಗ ನಾವೆಲ್ಲ ಸೇರಿ ಒಂದು ಶಾಣ್ಯಾತನ ಮಾಡಿದೆವು. ಎರಡು ಭಾಷೆ ಕೇಳಿದರೆ ಅವಳ ತಲೆಗೆ ಭಾರವಾದೀತೆಂದು ಮನೆಯಲ್ಲಿ ಮರಾಠಿ ಬಂದ್! ಮಿರಜಿನಲ್ಲಿ ಹುಟ್ಟಿದವಳು, ದೇವರಿಗೆ ಬೇಡಿಕೊಳ್ಳುವುದೂ ನನ್ನನ್ನು ಬೈಯುವುದೂ ಮರಾಠಿಯಲ್ಲೇ. ಅಂಥವಳಿಗೆ ಮೂರೂ ಹೊತ್ತು ಶುದ್ಧ ಕನ್ನಡ, ಅದೂ ಕಿವುಡರಿಗೆ ಹೇಳಿದಂತೆ ಕೂಗಿ ಕೂಗಿ. ಪಾಪ, ಗೋಡೆಯ ಕಡೆ ಹೊರಳಿಬಿಡುತ್ತಿದ್ದಳು. ನೀನು ಫೋನು ಮಾಡಿದಾಗಲೂ ಸುಮ್ಮನೇ ಇದ್ದಳು. 'ಅವ್ವಗ ನಾ ಯಾರಂತನ ತಿಳಿಯೂದಿಲ್ಲಪ್ಪಾ, ಇನ್ನ ಮ್ಯಾಲೆ ನಾ ಫೋನ್ ಮಾಡಂಗಿಲ್ಲ' ಎಂದು ಅತ್ತುಬಿಟ್ಟೆಯಲ್ಲ, ಆ ಮಾತು ನನ್ನ ಎದೆಯಲ್ಲೇ ಕೂತಿತ್ತು.

ನಿನ್ನೆ ಅಂಗಳದಲ್ಲಿ ತಾಲೀಮು. ನಮ್ಮ ನಾಟಕದ ಪದ್ಧತಿ ನಿನಗೆ ಗೊತ್ತೇ ಇದೆ: ರಾಜ ಕನ್ನಡದಲ್ಲಿ ಗರ್ಜಿಸಬೇಕು, ದಾಸಿ ಮರಾಠಿಯಲ್ಲಿ ಚುಚ್ಚಬೇಕು, ಗಡಿ ಊರಿನ ಜನ ಎರಡಕ್ಕೂ ನಗಬೇಕು. ದಾಸಿಯ ಪಾತ್ರದ ನೀಲಮ ಇನ್ನೂ ಬಂದಿರಲಿಲ್ಲ. ನಾನೊಬ್ಬನೇ 'ಎಲೈ ದಾಸೀ! ನಮ್ಮ ಸಿಂಹಾಸನವೆಲ್ಲಿ?' ಎಂದು ಗುಡುಗಿದೆ. ಮೂಲೆಯಲ್ಲಿ ನಿಮ್ಮವ್ವ ಮಲಗಿದ್ದ ಹೊರಸಿನಿಂದ ಉತ್ತರ ಬಂತು: 'ಚುಲೀಪಾಶೀ ಆಹೇ, ಬಸಾ!' ಒಲೆಯ ಹತ್ತಿರ ಇದೆ, ಕೂತ್ಕೊಳ್ಳಿ ಎಂದು! ವರ್ಷಗಟ್ಟಲೆ ತಾಲೀಮು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾದ ನಾಟಕದ್ದೇ ಮಾತು, ಅಕ್ಷರ ತಪ್ಪಿಲ್ಲ. ಮಹಾರಾಜರಿಗೆ ಮುಂದಿನ ಮಾತು ಮರೆತೇ ಹೋಯಿತು. ಅವಳು ಹುಬ್ಬು ಗಂಟಿಕ್ಕಿ, ತಡವರಿಸಿ, ಹುಡುಕಿ ಹುಡುಕಿ ಅಂದಳು: 'ಆಧೀ... ಚಹಾ.' ಮೊದಲು ಚಹಾ! ಇದು ನಾಟಕದಲ್ಲಿಲ್ಲ ಸಪನಾ. ಇದು ಅವಳದೇ ಮಾತು!

ಇವತ್ತು ಡಾಕ್ಟರು ಬಿಡಿಸಿ ಹೇಳಿದರು. ಬಾಯಿಪಾಠದ ಮಾತು ತುಳಿದ ದಾರಿಯಲ್ಲಿ ತಾನೇ ಬಂದುಬಿಡುತ್ತದೆ. ಹೊಸ ಮಾತಿಗೆ ಒಳಗೆ ಶಬ್ದ ಹುಡುಕಬೇಕು, ಜೋಡಿಸಬೇಕು, ಅವಳಿಗೆ ಕಷ್ಟವಾಗಿರುವುದು ಅದು. ಕೇಳಿ ತಿಳಿದುಕೊಳ್ಳುವುದು ಬೇರೆಯೇ ಕೆಲಸ, ಅದು ಅವಳಲ್ಲಿ ಕೆಟ್ಟೇ ಇಲ್ಲವಂತೆ. ಅಂದರೆ ನೀನು ಅತ್ತದ್ದೂ ಅವಳಿಗೆ ತಿಳಿದಿದೆ, ಮಗಳೇ. ಮಧ್ಯಾಹ್ನ ನಿನ್ನ ಫೋಟೊದ ಮೇಲೆ ಬೆರಳಿಟ್ಟು ಫೋನಿನ ಕಡೆ ನೋಡಿದಳು.

ಇಬ್ಬರೂ ಸುಖವಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ಬೀಗರಿಗೆ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ರಾವಸಾಹೇಬ

ತಾ.ಕ.: ಗಡಿಬಿಡಿಯಲ್ಲಿದ್ದೇನೆ, ಮಹಮ್ಮದ ದ್ರಾಕ್ಷಿ ಗಾಡಿಯ ಹಾರ್ನ್ ಬಾರಿಸುತ್ತಿದ್ದಾನೆ. ಸಂಜೆಯೇ ಕೊಲ್ಲಾಪುರದಲ್ಲಿ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ನಾಳೆ ಎದ್ದ ಕೂಡಲೇ ಅವ್ವನಿಗೆ ಫೋನು ಮಾಡು, ಮರಾಠಿಯಲ್ಲಿ ಮಾತಾಡು. ತಡವರಿಸಿದರೆ ತಾಳಿಕೋ, ಶಬ್ದವನ್ನು ನೀನು ಎತ್ತಿಕೊಡಬೇಡ. ನಾನು ಹತ್ತಿರವಿದ್ದರೆ ನಡುವೆ ಬಾಯಿ ಹಾಕದೆ ಇರಲಾರೆ. ಅದಕ್ಕೇ ನಾಳೆ ಮುಂಜಾನೆ ಫೋನನ್ನು ಅವಳ ಮಡಿಲಲ್ಲಿಟ್ಟು, ತೋಟದ ಆಚೆಯ ಬದುವಿಗೆ ಹೋಗಿ ಕೂತುಬಿಡುತ್ತೇನೆ.