ನಲವತ್ತೆರಡು ವರ್ಷದ ಪೀಪಾಯಿ

ಅಪ್ಪಾ, ಮುಷ್ಕರದಲ್ಲಿ ನೀನೊಬ್ಬನೇ ವಿಸ್ಕಿ ಗೋದಾಮಿನೊಳಗೆ ಹೋದಾಗ, ಸಂಘದವರೆಲ್ಲರ ಎದುರು ನಾನು ನಿನ್ನನ್ನು ಮಾಲೀಕನ ಬಾಲ ಎಂದು ಕರೆದದ್ದು ತಪ್ಪು. ನೀನು ತೀರಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂದು ನೀನು ಕಟ್ಟಿದ ಪೀಪಾಯಿಯ ನಲವತ್ತೆರಡು ವರ್ಷದ ವಿಸ್ಕಿಯ ರುಚಿ ನೋಡಲು ಗೋದಾಮಿಗೆ ದೊಡ್ಡ ಮನುಷ್ಯರು ಬಂದಿದ್ದರು. ಕರಪತ್ರ ಹಂಚಲೆಂದೇ ನಾನು ಗ್ಲಾಸು ಒರೆಸುವ ಕೆಲಸಕ್ಕೆ ಸೇರಿಕೊಂಡಿದ್ದೆ. ಅವರು ಮೂಸಿದರು, ಬಾಯಲ್ಲಿ ಹೊರಳಿಸಿದರು, ಪೀಕದಾನಿಗೆ ಉಗುಳಿದರು. ನನಗೆ ಮೈಯೆಲ್ಲ ಉರಿದು, ಕರಪತ್ರ ತೆಗೆಯಲು ಜೇಬಿಗೆ ಕೈ ಹಾಕಿದೆ.

ಅಷ್ಟರಲ್ಲಿ ನಿನ್ನ ಜೊತೆ ಪೀಪಾಯಿ ಕಟ್ಟುತ್ತಿದ್ದ ಮುದುಕ ಒಂದು ಗುಟುಕು ನನ್ನ ಕೈಗಿಟ್ಟ.

"ಕುಡಿಯೋ, ಭಾಷಣಕಾರ. ಮುಷ್ಕರದಲ್ಲಿ ಈ ಪೀಪಾಯಿ ಸೋರ್ತಿತ್ತು. ನಿಮ್ಮಪ್ಪ ಒಳಗೆ ಹೋಗಿದ್ದು ಅದನ್ನ ರಿಪೇರಿ ಮಾಡೋಕೇ."

"ಮಾಲೀಕನ ಮಾಲು ಉಳಿಸೋಕಾ?"

"ಮಾಲು ಅವನದು. ಕೈಕೆಲಸ ನಮ್ಮದಲ್ವೇನೋ? ಅದನ್ನ ಚರಂಡಿಗೆ ಬಿಡಲ್ಲ ಅಂದ. ಆ ದಿನಗಳ ಕೂಲೀನೂ ಮುಟ್ಟಲಿಲ್ಲ, ಹಠಮಾರಿ."

ನುಂಗಿದೆ. ಗಂಟಲು ಸುಟ್ಟಿತು. ಆಮೇಲೆ ಒದ್ದೆ ಮರದ ವಾಸನೆ ಬಂತು, ನಿನ್ನ ಅಂಗಿಯದೇ. ಕರಪತ್ರಗಳು ಜೇಬಿನಲ್ಲೇ ಉಳಿದವು.

ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಂಘದವರಿಗೆಲ್ಲ ಹೇಳಿಕಳಿಸಿದ್ದೇನೆ: ಗೋದಾಮಿನ ಗೇಟಿನ ಮುಂದೆ, ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ. ಅಂದು ಅವರೆಲ್ಲರ ಎದುರು ಆಡಿದ ಮಾತನ್ನು ಅವರೆಲ್ಲರ ಎದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.